ಮಗನ ಗೆಳೆಯರಿಗೆ ಹೆದರಿದ ಅಮ್ಮ

ಹೆಸರು, ಗುರುತು ಎಲ್ಲ ಬದಲಿಸಿದ್ದೇನೆ. 2018ರ ಮಾತಿದು. ಮೆಲ್ಬರ್ನ್‌ನ ಪಶ್ಚಿಮಕ್ಕಿರುವ ಟಾರ್ನೀಟ್ ಕಡೆಯ ಒಬ್ಬ ಕನ್ನಡದ ಹೆಣ್ಣುಮಗಳು, ಶಾಂತಾ ಅಂತ ಇಟ್ಟುಕೊಳ್ಳಿ, ನನ್ನ ಹತ್ತಿರ ಸಲಹೆಗೆ ಬಂದರು. ರಾತ್ರಿ ನಿದ್ದೆ ಇಲ್ಲ. ಮೂರು ಮೂರು ಸಲ ಎದ್ದು ಚಿಲಕ ನೋಡಿ ಬರುತ್ತಾರೆ. ಹದಿನೈದು ವರ್ಷದ ಮಗನಿಗೆ ಬಾಸ್ಕೆಟ್‌ಬಾಲ್ ಬಿಡಿಸಿದ್ದಾರೆ, ಯಾಕೆಂದರೆ ತಂಡದಲ್ಲಿ ದಕ್ಷಿಣ ಸುಡಾನ್ ಮೂಲದ ಮೂವರು ಹುಡುಗರಿದ್ದಾರೆ. ಮಗ ಮಾತು ಬಿಟ್ಟಿದ್ದಾನೆ.

ಅವರ ಭಯವನ್ನು ನಾನು ತಳ್ಳಿಹಾಕಲಿಲ್ಲ. ಅವರ ಬೀದಿಯಲ್ಲೇ ಒಂದು ಮನೆಗೆ ಕಳ್ಳರು ನುಗ್ಗಿದ್ದರು. ಆದರೆ ಕಳ್ಳರನ್ನು ಯಾರೂ ನೋಡಿರಲಿಲ್ಲ. 'ಆಫ್ರಿಕನ್ ಗ್ಯಾಂಗ್' ಅನ್ನುವ ಮಾತು ಮಾತ್ರ ಬೆಳಗಾಗುವುದರೊಳಗೆ ವಾಟ್ಸಾಪ್ ಗ್ರೂಪಿಗೆ ಬಂದಿತ್ತು.

ಒಂದು ಹಾಳೆ ಕೊಟ್ಟು ನಡುವೆ ಗೆರೆ ಎಳೆಸಿದೆ. ಎಡಕ್ಕೆ ಕಣ್ಣಾರೆ ಕಂಡದ್ದು, ಬಲಕ್ಕೆ ಕೇಳಿದ್ದು, ಓದಿದ್ದು. ಬಲಗಡೆ ತುಂಬಿ ಹಾಳೆಯ ಹಿಂಬದಿಗೂ ಹೋಯಿತು. ಎಡಗಡೆ ಎರಡೇ ಸಾಲು: ಆ ಮನೆಯ ಒಡೆದ ಕಿಟಕಿ, ಮತ್ತೆ ರೈಲ್ವೆ ಸ್ಟೇಷನ್ನಿನಲ್ಲಿ ಜೋರಾಗಿ ನಗುತ್ತಾ ನಿಂತಿದ್ದ ಐದಾರು ಎತ್ತರದ ಹುಡುಗರು.

"ಅವರು ನಿಮಗೇನು ಮಾಡಿದರು?" ಅಂದೆ.

ಸ್ವಲ್ಪ ಹೊತ್ತು ಸುಮ್ಮನಿದ್ದು, "ದಾರಿ ಬಿಟ್ಟರು" ಅಂದರು.

ಆಮೇಲೆ ಬಲಗಡೆಯದನ್ನು ಒಂದೊಂದಾಗಿ ನೋಡಿದೆವು. 2016ರ ಮಾರ್ಚಿನಲ್ಲಿ ಮೆಲ್ಬರ್ನ್‌ನ ಮೂಂಬಾ ಹಬ್ಬದ ಹೊತ್ತಿಗೆ ನಗರದ ನಡುವೆಯೇ ಹುಡುಗರು ಹೊಡೆದಾಡಿದ್ದು ನಿಜ. ಆಗಿನಿಂದ 'ಏಪೆಕ್ಸ್' ಅನ್ನುವ ಗ್ಯಾಂಗಿನ ಹೆಸರು ಪತ್ರಿಕೆ, ಟಿವಿ ಎಲ್ಲ ಕಡೆ. ಅಂಥ ಗ್ಯಾಂಗ್ ಅಂತ ಈಗ ಇಲ್ಲ ಎಂದು ಮರುವರ್ಷ ಪೊಲೀಸರೇ ಹೇಳಿದರೂ ಜನರ ಬಾಯಲ್ಲಿ ಹೆಸರು ಉಳಿದುಬಿಟ್ಟಿತು. 2018ರ ಜನವರಿಯಲ್ಲಿ ಕೇಂದ್ರದ ಗೃಹಮಂತ್ರಿ ಪೀಟರ್ ಡಟನ್, ಮೆಲ್ಬರ್ನ್ ಜನ ರಾತ್ರಿ ಹೊರಗೆ ಊಟಕ್ಕೆ ಹೋಗಲೂ ಹೆದರುತ್ತಿದ್ದಾರೆ ಅಂದರು. ಆ ವರ್ಷ ರಾಜ್ಯದ ಚುನಾವಣೆ ಬೇರೆ. ಸುಡಾನ್ ಮೂಲದವರು ತಮ್ಮ ಜನಸಂಖ್ಯೆಗೆ ಹೋಲಿಸಿದರೆ ಅಪರಾಧದ ಲೆಕ್ಕದಲ್ಲಿ ಜಾಸ್ತಿ ಇದ್ದರು, ಅದನ್ನೂ ನಾನು ಮುಚ್ಚಿಡಲಿಲ್ಲ. ಆದರೆ ಒಟ್ಟು ಅಪರಾಧಿಗಳಲ್ಲಿ ಬಹುಪಾಲು ಜನ ಆಸ್ಟ್ರೇಲಿಯಾದಲ್ಲೇ ಹುಟ್ಟಿದವರು. ಬಿಳಿ ಹುಡುಗ ಕದ್ದರೆ ಅವನೊಬ್ಬ ಕಳ್ಳ, ಕಪ್ಪು ಹುಡುಗ ಕದ್ದರೆ ಅವನ ಇಡೀ ಜನ ಕಳ್ಳರು. ಇದನ್ನು ಹೇಳುವಾಗ ನನಗೆ ಈಗಲೂ ಸಂಕಟವಾಗುತ್ತದೆ.

ನಾನು ಹೇಳಿದ್ದು ಇಷ್ಟು. ಒಳ್ಳೆಯ ಬೀಗ ಹಾಕಿಸಿ, ಚಿಲಕ ಒಂದೇ ಸಲ ನೋಡಿ. ಸಂಜೆ ಮೇಲೆ ಆ ಗ್ರೂಪ್ ತೆರೆಯಬೇಡಿ. ಗೆಳೆಯರನ್ನು ನೋಡದೆಯೇ ತೀರ್ಮಾನ ಮಾಡಿದೆ ಅಂತ ಮಗನ ಹತ್ತಿರ ಒಪ್ಪಿಕೊಳ್ಳಿ. ಅವನನ್ನು ಆಟಕ್ಕೆ ಕಳಿಸಿ, ಎಷ್ಟು ಗಂಟೆಗೆ ವಾಪಸ್ ಅಂತ ಇಬ್ಬರೂ ಕೂತು ಮಾತಾಡಿಕೊಳ್ಳಿ, ಮತ್ತೆ ಒಂದು ದಿನ ನೀವೂ ಹೋಗಿ ಆಟ ನೋಡಿ.

ಹೋದರು. ಪಕ್ಕದಲ್ಲಿ ಕೂತಿದ್ದವರು ಆ ಮೂವರಲ್ಲಿ ಒಬ್ಬನ ತಾಯಿ. ಮಗ ಮನೆ ಸೇರುವ ತನಕ ಅವರಿಗೂ ನಿದ್ದೆ ಇಲ್ಲವಂತೆ. "ಅಂಗಡಿ ಮುಂದೆ ಮೂವರು ಒಟ್ಟಿಗೆ ನಿಲ್ಲಬೇಡಿ, ನಿಮ್ಮನ್ನು ನೋಡಿ ಜನ ಹೆದರುತ್ತಾರೆ" ಅಂತ ದಿನಾ ಹೇಳಿ ಕಳಿಸುತ್ತಾರಂತೆ.