ಮೇಷ್ಟ್ರನ್ನು ಕೇಳಿ: ಕೊಡಗಿಗೇ ಒಬ್ಬ ಎಂ.ಪಿ. ಇದ್ದ ಕಾಲ

ಈ ಸಲ ಬಂದ ಪತ್ರಗಳಲ್ಲಿ ಮುಕ್ಕಾಲು ಪಾಲು ಒಂದೇ ವಿಷಯದ ಮೇಲೆ. ಹಾಗಾಗಿ ಕಾಫಿ ರೋಗ, ಜಮ್ಮಾ ಬಾಣೆಯ (ಕೊಡಗಿನ ಹಳೇ ಪದ್ಧತಿಯ ಜಮೀನಿನ) ಪಹಣಿ ಕೇಳಿದವರು ಮುಂದಿನ ಸಂಚಿಕೆಯವರೆಗೆ ತಡೆದುಕೊಳ್ಳಬೇಕು.

ಪ್ರಶ್ನೆ: ಮೇಷ್ಟ್ರೇ, ಕೊಡಗಿಗೆ ಹಿಂದೆ ತನ್ನದೇ ಲೋಕಸಭಾ ಕ್ಷೇತ್ರ ಇತ್ತು ಅಂತ ನಮ್ಮ ಅಜ್ಜ ಹೇಳ್ತಾರೆ. ಮನೆಯಲ್ಲಿ ಯಾರೂ ನಂಬ್ತಿಲ್ಲ. ಇದ್ದದ್ದು ನಿಜವಾದರೆ ಹೋದದ್ದು ಯಾಕೆ?
– ಕಾಲೇಜು ವಿದ್ಯಾರ್ಥಿನಿ, ಪೊನ್ನಂಪೇಟೆ

ಉತ್ತರ: ಅಜ್ಜ ಹೇಳಿದ್ದು ಸರಿ ಮಗಳೇ. 1952ರಲ್ಲಿ ಮೊದಲ ಲೋಕಸಭೆ ಸೇರಿದಾಗ ಅದರಲ್ಲಿ ಕೂರ್ಗ್ ಕ್ಷೇತ್ರದ್ದೂ ಒಂದು ಕುರ್ಚಿ ಇತ್ತು. ಅದರಲ್ಲಿ ಕೂತವರು ಕಾಂಗ್ರೆಸ್ಸಿನ ನಿಡ್ಯಮಲೆ ಸೋಮಣ್ಣ. ಆ ಕ್ಷೇತ್ರದ ಮೊದಲ ಎಂ.ಪಿ.ಯೂ ಅವರೇ, ಕೊನೆಯವರೂ ಅವರೇ. 1957ರ ಚುನಾವಣೆ ಬರುವಷ್ಟರಲ್ಲಿ ಆ ಹೆಸರಿನ ಕ್ಷೇತ್ರವೇ ಇರಲಿಲ್ಲ.

ಅದಕ್ಕೂ ಮೊದಲು ಸಂವಿಧಾನ ರಚನಾ ಸಭೆಯಲ್ಲಿ ಕೊಡಗಿನ ಪರವಾಗಿ ಕೂತಿದ್ದವರು ಚೆಪ್ಪುಡಿರ ಮುತ್ತಣ್ಣ ಪೂಣಚ್ಚ, ಅಂದರೆ ನಮ್ಮ ಸಿ.ಎಂ. ಪೂಣಚ್ಚನವರು.

ಆಗ ಕೊಡಗು ಜಿಲ್ಲೆ ಅಲ್ಲ, ರಾಜ್ಯ. ‘ಸಿ’ ದರ್ಜೆಯ ರಾಜ್ಯ, ಅಂದರೆ ಕೇಂದ್ರದ ಹಿಡಿತದಲ್ಲಿದ್ದ ಚಿಕ್ಕ ರಾಜ್ಯ, ಅನ್ನುತ್ತಿದ್ದರು. 1951ರ ಜನಗಣತಿಯಲ್ಲಿ ಇಡೀ ರಾಜ್ಯದ ಜನಸಂಖ್ಯೆ 2.29 ಲಕ್ಷ. ಅಷ್ಟು ಜನಕ್ಕೆ 24 ಶಾಸಕರ ಒಂದು ವಿಧಾನಸಭೆ, ಒಬ್ಬ ಮುಖ್ಯ ಕಮಿಷನರ್, ಒಬ್ಬ ಮುಖ್ಯಮಂತ್ರಿ. ಮುಖ್ಯಮಂತ್ರಿ ಇದೇ ಪೂಣಚ್ಚನವರು. ಜೊತೆಗೆ ಇನ್ನೊಬ್ಬ ಮಂತ್ರಿ ಕುಟ್ಟೂರು ಮಲ್ಲಪ್ಪ. ಇಬ್ಬರೇ ಸೇರಿ ಸರ್ಕಾರ! ಮಡಿಕೇರಿ ಕೋಟೆಯೊಳಗಿನ ಸಭಾಂಗಣವನ್ನು ಇವತ್ತಿಗೂ ‘ಹಳೇ ವಿಧಾನ ಸಭಾಂಗಣ’ ಅಂತಲೇ ಕರೆಯುತ್ತೇವೆ. ಮೀಟಿಂಗಿಗೆ ಅಂತ ಅಲ್ಲಿಗೆ ಹೋಗುವವರಲ್ಲಿ ಎಷ್ಟು ಜನಕ್ಕೆ ಆ ಹೆಸರು ಎಲ್ಲಿಂದ ಬಂತು ಅಂತ ಗೊತ್ತೋ ಏನೋ.

ರಾಜ್ಯಸಭೆಯದ್ದು ಇನ್ನೂ ತಮಾಷೆ. ಕೊಡಗಿಗೆ ಪೂರ್ತಿ ಒಂದು ಸೀಟು ಕೊಡಲಿಲ್ಲ. ರಾಜಸ್ಥಾನದ ನಡುವಿನ ಅಜ್ಮೀರಕ್ಕೂ ನಮಗೂ ಸೇರಿಸಿ ಒಂದು ಸೀಟು. ಅವರೊಮ್ಮೆ, ನಾವೊಮ್ಮೆ. ಎಲ್ಲಿಯ ಅಜ್ಮೀರ, ಎಲ್ಲಿಯ ಮಡಿಕೇರಿ!

ಮೊದಲ ಚುನಾವಣೆಯಲ್ಲಿ ವೋಟು ಹಾಕಿದ್ದನ್ನು ನಮ್ಮ ಅಮ್ಮ ಆಗಾಗ ಹೇಳುತ್ತಿದ್ದರು. ಆಮೇಲಿನ ಚುನಾವಣೆಗಳ ಹಾಗೆ ಚೀಟಿಯಲ್ಲಿ ಎಲ್ಲರ ಹೆಸರು ಇರಲಿಲ್ಲ, ಮುದ್ರೆ ಒತ್ತುವುದೂ ಇರಲಿಲ್ಲ. ಒಬ್ಬೊಬ್ಬ ಅಭ್ಯರ್ಥಿಗೂ ಒಂದೊಂದು ಪೆಟ್ಟಿಗೆ, ಪೆಟ್ಟಿಗೆಯ ಮೇಲೆ ಅವರ ಗುರುತು. ಮರೆಯಲ್ಲಿ ನಿಂತು ಬೇಕಾದ ಪೆಟ್ಟಿಗೆಗೆ ಚೀಟಿ ಹಾಕಿ ಬರುವುದು, ಅಷ್ಟೇ. ಕಾಂಗ್ರೆಸ್ಸಿನದು ಜೋಡೆತ್ತು. ಎದುರಿಗಿದ್ದದ್ದು ತಕ್ಕಡಿ. ಕೊಡಗು ಮೈಸೂರಿನ ಜೊತೆ ಸೇರುವುದು ಬೇಡ ಅನ್ನುತ್ತಿದ್ದ ಪಂದ್ಯಂಡ ಬೆಳ್ಯಪ್ಪನವರ ಕಡೆಯವರನ್ನು ಜನ ತಕ್ಕಡಿ ಪಕ್ಷ ಅಂತಲೇ ಕರೆದರು. ಬೆಳ್ಯಪ್ಪನವರೂ ಗಾಂಧೀಜಿ ದಾರಿಯಲ್ಲೇ ನಡೆದವರು, ಸ್ವಾತಂತ್ರ್ಯಕ್ಕೆ ದುಡಿದವರು. ಹಾಗಾಗಿ ಒಂದೇ ಮನೆಯಲ್ಲಿ ಎತ್ತಿಗೆ ಇಬ್ಬರು, ತಕ್ಕಡಿಗೆ ಇಬ್ಬರು. ಅಮ್ಮ ಯಾವ ಪೆಟ್ಟಿಗೆಗೆ ಹಾಕಿದರು ಅಂತ ಕೊನೆವರೆಗೂ ಬಾಯಿ ಬಿಡಲಿಲ್ಲ. ಅಪ್ಪನಿಗೂ ಹೇಳಿರಲಿಕ್ಕಿಲ್ಲ. ಫಲಿತಾಂಶದಲ್ಲಿ ವಿಧಾನಸಭೆಯ 24ರಲ್ಲಿ ಕಾಂಗ್ರೆಸ್ಸಿಗೆ 15, ಉಳಿದ 9 ಪಕ್ಷೇತರರಿಗೆ.

ಕ್ಷೇತ್ರ ಹೋದದ್ದು ಯಾಕೆ ಅಂತ ಕೇಳಿದ್ದೀರಿ. 1956ರ ನವೆಂಬರ್ 1ಕ್ಕೆ ಕೊಡಗು ಮೈಸೂರು ರಾಜ್ಯಕ್ಕೆ ಸೇರಿತು. ಪ್ರತ್ಯೇಕ ಎಂ.ಪಿ. ಸಿಕ್ಕಿದ್ದು ರಾಜ್ಯ ಅನ್ನುವ ಕಾರಣಕ್ಕೆ, ಜನ ಜಾಸ್ತಿ ಇದ್ದಾರೆ ಅಂತಲ್ಲ. ರಾಜ್ಯ ಹೋಯಿತು, ಅದರ ಜೊತೆಗೆ ಸೀಟೂ ಹೋಯಿತು. ಯಾರೋ ಮೋಸ ಮಾಡಿ ಕಿತ್ತುಕೊಂಡರು ಅಂತ ಕೆಲವರು ಭಾಷಣ ಮಾಡುತ್ತಾರೆ. ಅದಕ್ಕೆ ತಲೆ ಕೆಡಿಸಿಕೊಳ್ಳಬೇಡಿ.

ಪ್ರಶ್ನೆ: ನಮ್ಮನ್ನು ಮಂಗಳೂರಿಗೆ ಸೇರಿಸಿದ್ದಾಗ ಒಳ್ಳೇದಿತ್ತಾ, ಈಗ ಮೈಸೂರಿನ ಜೊತೆ ಒಳ್ಳೇದಾ?
– ಕಾಫಿ ಬೆಳೆಗಾರರು, ಸಿದ್ದಾಪುರ

ಉತ್ತರ: ಇದು ಮಾವನ ಮನೆಯೋ ಅತ್ತೆಯ ಮನೆಯೋ ಅಂತ ಕೇಳಿದ ಹಾಗಾಯಿತು. ಇದ್ದದ್ದನ್ನು ಹೇಳುತ್ತೇನೆ, ತೀರ್ಮಾನ ನಿಮ್ಮದು.

ಕೂರ್ಗ್ ಸೀಟು ಹೋದ ಮೇಲೆ ನಮ್ಮನ್ನು ಮಂಗಳೂರು ಲೋಕಸಭಾ ಕ್ಷೇತ್ರಕ್ಕೆ ಸೇರಿಸಿದ್ದರು. ಅದೂ ಈಗ ಆ ಹೆಸರಿನಲ್ಲಿ ಇಲ್ಲ. 2008ರ ಪುನರ್ವಿಂಗಡಣೆಯಲ್ಲಿ, ಅಂದರೆ ಕ್ಷೇತ್ರಗಳ ಗಡಿ ಹೊಸದಾಗಿ ಗುರುತಿಸಿದಾಗ, ಅದು ದಕ್ಷಿಣ ಕನ್ನಡ ಕ್ಷೇತ್ರವಾಯಿತು. ನಮ್ಮನ್ನು ಘಟ್ಟದ ಮೇಲೆಯೇ ಬಿಟ್ಟು ಮೈಸೂರಿಗೆ ಸೇರಿಸಿದರು. ಅಲ್ಲಿಯವರೆಗೆ ಸುಳ್ಯ, ಪುತ್ತೂರಿನವರೂ ನಾವೂ ಒಂದೇ ಎಂ.ಪಿ.ಗೆ ವೋಟು ಹಾಕುತ್ತಿದ್ದೆವು. ಇತಿಹಾಸ ನೋಡಿದರೆ ಇದರಲ್ಲಿ ವಿಚಿತ್ರ ಏನೂ ಇಲ್ಲ. ಅಮರ ಸುಳ್ಯ, ಪುತ್ತೂರು ಕಡೆ ಕೊಡಗನ್ನು ಆಳಿದ ಹಾಲೇರಿ ರಾಜರ ಕೈಕೆಳಗೇ ಇತ್ತು. 1834ರಲ್ಲಿ ಕೊಡಗನ್ನು ತೆಗೆದುಕೊಂಡ ಇಂಗ್ಲಿಷರು ಆ ಭಾಗವನ್ನು ಕರಾವಳಿಯ ಕೆನರಾ ಜಿಲ್ಲೆಗೆ ಸೇರಿಸಿದರು. ಮೂರೇ ವರ್ಷಕ್ಕೆ, 1837ರಲ್ಲಿ, ಅಲ್ಲಿಯ ರೈತರು ಮಂಗಳೂರಿನವರೆಗೆ ದಂಡೆತ್ತಿ ಹೋದರು. ಅರೆಭಾಷೆ ಗೌಡರ ನೆಂಟಸ್ತಿಕೆ ಇವತ್ತಿಗೂ ಸಂಪಾಜೆಯ ಆಚೆಗೂ ಈಚೆಗೂ ಇದೆ ಅಲ್ವಾ?

ಮಂಗಳೂರು ಕ್ಷೇತ್ರದಿಂದ ಗೆದ್ದ ಕೊಡಗಿನವರು ಅಂದರೆ ಪೂಣಚ್ಚನವರೇ, 1967ರಲ್ಲಿ. ಇಂದಿರಾ ಗಾಂಧಿ ಸಂಪುಟದಲ್ಲಿ ರೈಲ್ವೆ ಮಂತ್ರಿಯೂ ಆದರು. ದೇಶದ ರೈಲೆಲ್ಲ ನಮ್ಮವರ ಕೈಯಲ್ಲಿತ್ತು. ಕೊಡಗಿನಲ್ಲಿ ಮಾತ್ರ ಆಗಲೂ ಹಳಿ ಇರಲಿಲ್ಲ, ಈಗಲೂ ಇಲ್ಲ. ಕುಶಾಲನಗರಕ್ಕೆ ರೈಲು ಬರುತ್ತದೆ ಅನ್ನುವ ಸುದ್ದಿಯಂತೂ ಪ್ರತಿ ಬಜೆಟ್ಟಿಗೂ ಒಮ್ಮೆ ಬಂದು ಹೋಗುತ್ತದೆ.

ಆಮೇಲೆ ಗೆದ್ದವರೆಲ್ಲ ಘಟ್ಟದ ಕೆಳಗಿನವರು. 1971ರಲ್ಲಿ ಕೆ.ಕೆ. ಶೆಟ್ಟಿ. 1977ರಿಂದ ಸತತ ನಾಲ್ಕು ಸಲ ಬಿ. ಜನಾರ್ದನ ಪೂಜಾರಿ, ಬ್ಯಾಂಕ್ ಸಾಲ ಹಂಚುವ ಸಾಲಮೇಳಗಳಿಗೆ ಹೆಸರಾದ ಪೂಜಾರಿಯವರು. 1991ರಲ್ಲಿ ಅವರನ್ನು ಸೋಲಿಸಿದ ಬಿಜೆಪಿಯ ವಿ. ಧನಂಜಯ ಕುಮಾರ್ ಅವರೂ ನಾಲ್ಕು ಸಲ ಗೆದ್ದರು. 2004ರಲ್ಲಿ ಡಿ.ವಿ. ಸದಾನಂದ ಗೌಡರು. ಆ ಕ್ಷೇತ್ರದ ಕೊನೆಯ ಎಂ.ಪಿ. ಅವರು, ಮುಂದೆ ಮುಖ್ಯಮಂತ್ರಿಯೂ ಆದರು.

ನಾನು ಹೈಸ್ಕೂಲು ಮೇಷ್ಟ್ರಾಗಿದ್ದವನು, ಹಾಗಾಗಿ ಚುನಾವಣೆ ಡ್ಯೂಟಿ ತಪ್ಪುತ್ತಿರಲಿಲ್ಲ. ಕುಟ್ಟದ ಕಡೆಯ ಒಂದು ಶಾಲೆಯಲ್ಲಿ ಬೂತು. ಚೀಟಿ ಬಿಡಿಸಿ ಕೊಟ್ಟರೆ ವಯಸ್ಸಾದ ಒಬ್ಬ ಅವ್ವ ಕನ್ನಡಕ ಸರಿ ಮಾಡಿಕೊಂಡು ಮೇಲಿಂದ ಕೆಳಗೆ ನೋಡಿದರು. ‘ಇದರಲ್ಲಿ ನಮ್ಮ ಊರಿನವರು ಯಾರೂ ಇಲ್ಲವಲ್ಲ ಮಾಷ್ಟ್ರೇ, ಇವರನ್ನೆಲ್ಲ ನಾನು ಕಂಡೇ ಇಲ್ಲ’ ಅಂದರು. ಏಜೆಂಟರೆಲ್ಲ ಬಾಯಿ ಮುಚ್ಚಿ ನಕ್ಕರು. ಅವ್ವ ಹೇಳಿದ್ದರಲ್ಲಿ ಸುಳ್ಳಿಲ್ಲ. ಕುಟ್ಟದಿಂದ ಮಂಗಳೂರಿಗೆ 200 ಕಿಲೋಮೀಟರಿಗೂ ಜಾಸ್ತಿ, ಅದೂ ಸಂಪಾಜೆ ಘಾಟಿ ಇಳಿದು. ಅಷ್ಟು ದೂರದಿಂದ ಒಬ್ಬರು ಮತ್ತೆ ಮತ್ತೆ ಹತ್ತಿ ಬರುವುದು ಹೇಗೆ?

ಮೈಸೂರು ಹತ್ತಿರ, ಆಸ್ಪತ್ರೆಗೂ ಅಲ್ಲಿಗೇ ಹೋಗುತ್ತೇವೆ, ಮಕ್ಕಳ ಕಾಲೇಜಿಗೂ ಅಲ್ಲಿಗೇ. ಅದೊಂದು ಅನುಕೂಲ. 2009ರಲ್ಲಿ ಎಚ್. ವಿಶ್ವನಾಥ್, 2014 ಮತ್ತು 2019ರಲ್ಲಿ ಪ್ರತಾಪ ಸಿಂಹ, 2024ರಲ್ಲಿ ಯದುವೀರ್ ಒಡೆಯರ್ ಗೆದ್ದರು. ಆದರೆ ಕ್ಷೇತ್ರದ ಎಂಟು ವಿಧಾನಸಭಾ ಸ್ಥಾನಗಳಲ್ಲಿ ನಮ್ಮದು ಎರಡೇ, ಮಡಿಕೇರಿ ಮತ್ತು ವಿರಾಜಪೇಟೆ. ಮಂಗಳೂರಿನ ಕಾಲದಲ್ಲಿ ಮೂರು ಇತ್ತು. ದಾರಿ ಹತ್ತಿರವಾಯಿತು, ತೂಕ ಕಡಿಮೆಯಾಯಿತು. ನನ್ನನ್ನು ಕೇಳಿದರೆ ದಾರಿಗಿಂತ ತೂಕ ಮುಖ್ಯ.

ಪ್ರಶ್ನೆ: ಮುಂದಿನ ಪುನರ್ವಿಂಗಡಣೆಯಲ್ಲಿ ಕೊಡಗಿಗೆ ಮತ್ತೆ ಪ್ರತ್ಯೇಕ ಎಂ.ಪಿ. ಸಿಗಬಹುದಾ?
– ಓದುಗರು, ನಾಪೋಕ್ಲು

ಉತ್ತರ: ಲೆಕ್ಕ ನೋಡೋಣ. 2011ರ ಜನಗಣತಿಯಲ್ಲಿ ಕರ್ನಾಟಕದಲ್ಲಿ 6.11 ಕೋಟಿ ಜನ, ಲೋಕಸಭಾ ಸೀಟು 28. ಒಂದು ಸೀಟಿಗೆ ಹತ್ತಿರ ಹತ್ತಿರ 22 ಲಕ್ಷ ಜನ. ಕೊಡಗಿನಲ್ಲಿ ಇದ್ದವರು 5.54 ಲಕ್ಷ. ಕಾಲು ಭಾಗ ಅಷ್ಟೇ. ಸೀಟು ಹಂಚುವುದು ತಲೆ ಎಣಿಸಿ. ಬೆಟ್ಟ, ಕಾಡು, ಮಳೆ ಎಣಿಸಿ ಅಲ್ಲ.

ಲಕ್ಷದ್ವೀಪಕ್ಕೆ ಹೇಗೆ ಕೊಟ್ಟರು ಅಂತ ನೀವು ಕೇಳಿಯೇ ಕೇಳುತ್ತೀರಿ. ಅಲ್ಲಿ 65 ಸಾವಿರ ಜನವೂ ಇಲ್ಲ, ಆದರೂ ಒಬ್ಬ ಎಂ.ಪಿ. ಇದ್ದಾರೆ. ಅದು ಕೇಂದ್ರಾಡಳಿತ ಪ್ರದೇಶ, ಅದಕ್ಕೆ. 1952ರಲ್ಲಿ ನಮಗೆ ಸಿಕ್ಕಿದ್ದೂ ಇಂಥದ್ದೇ ಕಾರಣಕ್ಕೆ. ಜಿಲ್ಲೆಯಾಗಿ ಇದ್ದುಕೊಂಡೇ ಪ್ರತ್ಯೇಕ ಸೀಟು ಬೇಕು ಅಂದರೆ ಈಗಿನ ಲೆಕ್ಕದಲ್ಲಿ ಆಗುವ ಮಾತಲ್ಲ. ಸಭೆ ಮಾಡಿ ಮನವಿ ಕೊಡುವವರನ್ನು ಬೇಡ ಅನ್ನುವುದಿಲ್ಲ. ಕೊಡುವಾಗ ಈ ಲೆಕ್ಕವನ್ನೂ ಜೇಬಿನಲ್ಲಿ ಇಟ್ಟುಕೊಂಡು ಹೋಗಲಿ.

ಪ್ರಶ್ನೆ: ಸೋಮವಾರಪೇಟೆ ವಿಧಾನಸಭಾ ಕ್ಷೇತ್ರ ಎಲ್ಲಿ ಹೋಯಿತು?
– ಶನಿವಾರಸಂತೆ

ಉತ್ತರ: ಅದೂ 2008ರಲ್ಲೇ ಹೋಯಿತು. ನೀವೀಗ ಮಡಿಕೇರಿ ಕ್ಷೇತ್ರದ ಮತದಾರರು. ಆಗ ಮೂರು ತಾಲ್ಲೂಕು, ಮೂವರು ಶಾಸಕರು. ಈಗ ಪೊನ್ನಂಪೇಟೆ, ಕುಶಾಲನಗರ ಸೇರಿ ಐದು ತಾಲ್ಲೂಕು, ಇಬ್ಬರು ಶಾಸಕರು.

ನೀವು ಕೇಳದ ಇನ್ನೊಂದನ್ನೂ ಹೇಳಿಬಿಡುತ್ತೇನೆ. ವಿರಾಜಪೇಟೆ ಅಲ್ಲಿಯವರೆಗೆ ಪರಿಶಿಷ್ಟ ಪಂಗಡಕ್ಕೆ ಮೀಸಲಾಗಿದ್ದ ಕ್ಷೇತ್ರ. ಆ ಸಲ ಅದೂ ಸಾಮಾನ್ಯ ಕ್ಷೇತ್ರವಾಯಿತು. ತಿತಿಮತಿ, ಬಾಳೆಲೆ ಕಡೆಯ ಹಾಡಿಗಳ (ಬುಡಕಟ್ಟು ಜನರ ಊರುಗಳ) ಯರವರು, ಜೇನುಕುರುಬರಿಗೆ ಹೋದದ್ದು ದೊಡ್ಡದೇ. ಸೋಮವಾರಪೇಟೆ ಹೋಯಿತು ಅಂತ ನನಗೆ ವರ್ಷವಿಡೀ ಪತ್ರ ಬರುತ್ತದೆ. ಇದರ ಬಗ್ಗೆ ಇಲ್ಲಿಯವರೆಗೆ ಒಂದೂ ಬಂದಿಲ್ಲ.