ಸಿಟಿಜನ್ ಆಗುವವರೆಗೆ ಕಾಯಬೇಕಾ? ನಾನು ಕಾದೆ

ಅಮೆರಿಕದಲ್ಲಿ ಎಚ್-4ನಲ್ಲಿ (ಎಚ್-1ಬಿ ಕೆಲಸದ ವೀಸಾದವರ ಸಂಗಾತಿಗೆ ಸಿಗುವ ವೀಸಾ) ಇದ್ದೀರಿ, ಇಎಡಿ (ಕೆಲಸದ ಪರವಾನಗಿ) ಕೈಗೆ ಬಂದಿದೆ, ನ್ಯೂಯಾರ್ಕ್ ಬಾರ್ (ವಕೀಲಿ ಪರೀಕ್ಷೆ) ಪಾಸಾಗಿದೆ. ಸರ್ಕಾರದ ಆಂಟಿಟ್ರಸ್ಟ್ ವಕೀಲೆ (ಕಂಪನಿಗಳು ಸ್ಪರ್ಧೆಯನ್ನು ಹತ್ತಿಕ್ಕದಂತೆ ತಡೆಯುವ ಕಾನೂನಿನವರು) ಆಗಬೇಕು, ಸಿಟಿಜನ್ ಆಗುವವರೆಗೆ ದೊಡ್ಡ ಫರ್ಮ್‌ನಲ್ಲಿ ಕಾಯಲಾ ಅಂತ ಕೇಳಿದ್ದೀರಿ. ಹೆಸರೊಂದು ಬಿಟ್ಟರೆ ಇದು 2015ರ ನಾನೇ.

ಧಾರವಾಡ ಹೈಕೋರ್ಟ್ ಪೀಠದಲ್ಲಿ ಜೂನಿಯರ್ ಆಗಿದ್ದೆ. ಮದುವೆಯಾಗಿ ಇಲ್ಲಿಗೆ ಬಂದೆ, ಎಲ್‌ಎಲ್‌ಎಂ ಮಾಡಿದೆ, ಬಾರ್ ಎರಡನೇ ಸಲಕ್ಕೆ ಪಾಸಾಯಿತು. ಎಚ್-4ನವರಲ್ಲಿ ಕೆಲವರಿಗೆ ಕೆಲಸದ ಪರವಾನಗಿ ಕೊಡುವ ನಿಯಮ 2015ರ ಮೇನಲ್ಲಿ ಬಂತು. ಅದೇ ವರ್ಷ ವಕೀಲರ ಸಂಘವೊಂದರ ಊಟದಲ್ಲಿ ಪಕ್ಕ ಕೂತಿದ್ದ ಹಿರಿಯ ವಕೀಲೆ ನನ್ನ ಆಸೆ ಕೇಳಿದರು. ಅವರು ರಾಜ್ಯದ ಅಟಾರ್ನಿ ಜನರಲ್ ಕಚೇರಿಯವರು. "ನಮ್ಮಲ್ಲಿಗೆ ಅರ್ಜಿ ಹಾಕಿ" ಎಂದರು. ನಾನು ನಕ್ಕು ತಲೆ ಆಡಿಸಿದೆ. ಅರ್ಜಿ ಹಾಕಲಿಲ್ಲ.

ಯಾಕೆ ಅಂತ ಬಿಡಿಸಿ ಹೇಳುತ್ತೇನೆ. ನನ್ನ ತಲೆಯಲ್ಲಿ ಇದ್ದದ್ದು ನಮ್ಮ ಅಡ್ವೊಕೇಟ್ ಜನರಲ್. ಯಾರಾದರೂ ರಿಟ್ ಹಾಕಿದರೆ ಎದ್ದು ನಿಂತು ಸರ್ಕಾರದ ಪರ ವಾದಿಸುವವರು. ಭೂಸ್ವಾಧೀನ, ವರ್ಗಾವಣೆ, ಪಿಂಚಣಿ. ಅವರಿಗೂ ಕಂಪನಿಗಳ ವಿಲೀನಕ್ಕೂ ಏನು ಸಂಬಂಧ? ನಮ್ಮಲ್ಲಿ ಸ್ಪರ್ಧಾ ಕಾಯ್ದೆ ಅಂದರೆ ದೆಹಲಿಯ ಸಿಸಿಐ (ಭಾರತೀಯ ಸ್ಪರ್ಧಾ ಆಯೋಗ). ರಾಜ್ಯ ಸರ್ಕಾರ ಹೆಚ್ಚೆಂದರೆ ಅಲ್ಲಿಗೆ ವಿಷಯ ಕಳಿಸಬಹುದು. ಇಲ್ಲೂ ಹಾಗೇ, ವಾಷಿಂಗ್ಟನ್ನಿನ ನ್ಯಾಯ ಇಲಾಖೆ ಮತ್ತು ಎಫ್‌ಟಿಸಿ (ಫೆಡರಲ್ ಟ್ರೇಡ್ ಕಮಿಷನ್, ಅಲ್ಲಿನ ಕೇಂದ್ರ ವ್ಯಾಪಾರ ಆಯೋಗ) ಎರಡೇ ಅಂದುಕೊಂಡೆ. ಅವುಗಳ ವಕೀಲ ಹುದ್ದೆಗೆ ಸಾಮಾನ್ಯವಾಗಿ ಸಿಟಿಜನ್ ಆಗಿರಬೇಕು. ಆ ಒಂದು ಸಾಲು ಓದಿ ಲ್ಯಾಪ್‌ಟಾಪ್ ಮುಚ್ಚಿದೆ.

ಆದರೆ ಇಲ್ಲಿ 43 ರಾಜ್ಯಗಳಲ್ಲಿ ಅಟಾರ್ನಿ ಜನರಲ್ ಅನ್ನು ಜನರೇ ಓಟು ಹಾಕಿ ಆರಿಸುತ್ತಾರೆ. ಫೆಡರಲ್ (ಕೇಂದ್ರದ) ಆಂಟಿಟ್ರಸ್ಟ್ ಕಾಯ್ದೆಯಡಿಯೇ ಅವರು ಕಂಪನಿಗಳ ಮೇಲೆ ಕೇಸ್ ಹಾಕಬಹುದು. ತಮಾಷೆ ನೋಡಿ, 1976ರ ಹಾರ್ಟ್-ಸ್ಕಾಟ್-ರೊಡಿನೊ ಕಾಯ್ದೆ ನನಗೆ ಬಾಯಿಪಾಠ ಆಗಿತ್ತು. ದೊಡ್ಡ ವಿಲೀನವನ್ನು ಮೊದಲೇ ತಿಳಿಸಿ ಸಾಮಾನ್ಯವಾಗಿ 30 ದಿನ ಕಾಯಬೇಕು ಅನ್ನುವ ಭಾಗ ಮಾತ್ರ. ತಮ್ಮ ಜನರ ಪರವಾಗಿ ಮೂರು ಪಟ್ಟು ಪರಿಹಾರ ಕೇಳುವ ಹಕ್ಕನ್ನು ರಾಜ್ಯಗಳಿಗೆ ಕೊಟ್ಟದ್ದೂ ಅದೇ ಕಾಯ್ದೆ. ಪರೀಕ್ಷೆಗೆ ಬರಲ್ಲ ಅಂತ ಆ ಪುಟ ಬಿಟ್ಟಿದ್ದೆ!

ನಾಲ್ಕು ವರ್ಷ ಗಂಟೆ ಲೆಕ್ಕದಲ್ಲಿ ಡಾಕ್ಯುಮೆಂಟ್ ರಿವ್ಯೂ ಮಾಡಿದೆ. ಕಂಪನಿಗಳ ಈಮೇಲ್ ಓದಿ, ಸರ್ಕಾರಕ್ಕೆ ಕೊಡಬೇಕು, ಕೊಡಬೇಕಿಲ್ಲ ಅಂತ ಗುರುತು ಹಾಕೋದು. 2019ರ ಜೂನ್‌ನಲ್ಲಿ ಟಿ-ಮೊಬೈಲ್, ಸ್ಪ್ರಿಂಟ್ ಎಂಬ ಎರಡು ಮೊಬೈಲ್ ಸೇವಾ ಕಂಪನಿಗಳ ವಿಲೀನ ತಡೆಯಲು ಹಲವು ರಾಜ್ಯಗಳು ಕೋರ್ಟಿಗೆ ಹೋದವು. ಮುಂದಿನ ತಿಂಗಳು ನ್ಯಾಯ ಇಲಾಖೆ ರಾಜಿ ಮಾಡಿಕೊಂಡಿತು, ನ್ಯೂಯಾರ್ಕ್, ಕ್ಯಾಲಿಫೋರ್ನಿಯಾದವರು ಬಿಡಲಿಲ್ಲ. (2020ರಲ್ಲಿ ಸೋತರು, ಅದು ಬೇರೆ ಮಾತು.) ಆ ಸುದ್ದಿ ಓದಿದಾಗಲೇ ನನಗೆ ಆ ಊಟದ ಮಾತು ಅರ್ಥವಾದದ್ದು. ಆ ವಕೀಲೆಗೆ ಈಮೇಲ್ ಬರೆದೆ. ಅವರು ನಿವೃತ್ತರಾಗಿದ್ದರು. ಇಂಥದ್ದೇ ಕಚೇರಿಯಲ್ಲಿ ಕೆಲಸ ಸಿಗಲು ಇನ್ನೂ ಒಂದೂವರೆ ವರ್ಷ ಹಿಡಿಯಿತು.

ಹಾಗಾಗಿ ಫರ್ಮಾ, ಸರ್ಕಾರನಾ ಅನ್ನುವ ನಿಮ್ಮ ಪ್ರಶ್ನೆಯನ್ನೇ ನಾನು ಒಪ್ಪಲ್ಲ. ಯಾವ ಸರ್ಕಾರ ಅಂತ ಕೇಳಿ. ಭಾರತದಲ್ಲಿ ಹುಟ್ಟಿದವರ ಗ್ರೀನ್ ಕಾರ್ಡ್ ಕ್ಯೂ ನಂಬಿ ವೃತ್ತಿ ಕಟ್ಟೋಕಾಗಲ್ಲ. ಲೀನಾ ಖಾನ್ 32ಕ್ಕೇ ಎಫ್‌ಟಿಸಿ ಮುಖ್ಯಸ್ಥೆ ಆದರು ಅಂತ ಬರೆದಿದ್ದೀರಿ. ಅವರು ಲಂಡನ್ನಿನಲ್ಲಿ ಹುಟ್ಟಿ 11ನೇ ವಯಸ್ಸಿಗೆ ಇಲ್ಲಿಗೆ ಬಂದವರು, ಯೇಲ್‌ನಲ್ಲಿ ಕಾನೂನು ಓದಿದವರು. ನಿಮಗೂ ನನಗೂ ಆ ಲೆಕ್ಕ ಸುಮ್ನೆ ಹೊಂದಲ್ಲ.

ರಾಜ್ಯದ ಕಚೇರಿಗೆ ಸಿಟಿಜನ್ ಆಗಿರಬೇಕಾ ಅನ್ನುವ ನಿಯಮ ರಾಜ್ಯಕ್ಕೊಂದು ಥರ. ಹುದ್ದೆಯ ನೋಟಿಫಿಕೇಷನ್ ಪೂರ್ತಿ ಓದಿ, ಫೋನ್ ಮಾಡಿ ಕೇಳಿ. ಸಂಬಳ ಫರ್ಮ್‌ಗಿಂತ ಬಹಳ ಕಡಿಮೆ. ವೀಸಾ ಸ್ಪಾನ್ಸರ್ ಮಾಡ್ತಾರೆ ಅಂತ ನಂಬಿ ಹೋಗಬೇಡಿ. ಇಎಡಿ ಮುಗಿಯುವ ತಾರೀಖನ್ನು ಮೊದಲ ಇಂಟರ್‌ವ್ಯೂನಲ್ಲೇ ಹೇಳಿಬಿಡಿ. ನಾನು ಬೆವರುತ್ತಾ ಹೇಳಿದೆ. ಅವರು ಬರೆದುಕೊಂಡು, ಡಾಕ್ಯುಮೆಂಟ್ ರಿವ್ಯೂ ಎಷ್ಟು ವರ್ಷ ಮಾಡಿದ್ದೀರಿ ಅಂತ ಕೇಳಿದರು.