ವಾರಿಸ್ ಹುಸೇನ್ ಅಂದರೆ ಬರೀ ಡಾಕ್ಟರ್ ಹೂ ಅಲ್ಲ

"ಡಾಕ್ಟರ್ ಹೂ ಸೀರಿಯಲ್ಲಿನ ಮೊದಲ ಕಂತು ನಿರ್ದೇಶಿಸಿದವರು ನಮ್ಮ ದೇಶದಲ್ಲಿ ಹುಟ್ಟಿದವರಂತೆ, ನಿಜವಾ? ಆಮೇಲೆ ಅವರು ಏನು ಮಾಡಿದರು?" ಅಂತ ಕೇಳಿದ್ದೀರಿ.

ನಿಜ. ಡಾಕ್ಟರ್ ಹೂ ಅಂದರೆ ಕಾಲದಲ್ಲಿ ಹಿಂದೆ ಮುಂದೆ ಓಡಾಡುವ ಡಾಕ್ಟರ್ ಎಂಬಾತನ ಕಥೆಯ ಬಿಬಿಸಿ ಸೀರಿಯಲ್. ಆ ನಿರ್ದೇಶಕರ ಹೆಸರು ವಾರಿಸ್ ಹುಸೇನ್. 1938ರಲ್ಲಿ ಲಖನೌದಲ್ಲಿ ಹುಟ್ಟಿದರು. 1946ರಲ್ಲಿ ಮನೆಯವರ ಜೊತೆ ಇಂಗ್ಲೆಂಡಿಗೆ ಹೋದರು. ತಾಯಿ ಅತಿಯಾ ಹುಸೇನ್ ಹೆಸರಾಂತ ಲೇಖಕಿ. ಕೇಂಬ್ರಿಜ್‌ನಲ್ಲಿ ಓದಿ ಬಿಬಿಸಿ ಸೇರಿದ ಇವರಿಗೆ ಡಾಕ್ಟರ್ ಹೂ ಸಿಕ್ಕಾಗ ಬರೀ 24 ವರ್ಷ. ನಿರ್ಮಾಪಕಿ ವೆರಿಟಿ ಲ್ಯಾಂಬರ್ಟ್‌ಗೂ ಆಗ ಇನ್ನೂ ಮೂವತ್ತು ಆಗಿರಲಿಲ್ಲ.

ಆ ಮೊದಲ ಕಂತನ್ನು ಎರಡು ಸಲ ಚಿತ್ರೀಕರಿಸಬೇಕಾಯಿತು. ಇದು ತುಂಬಾ ಜನರಿಗೆ ಗೊತ್ತಿಲ್ಲ. 1963ರ ಸೆಪ್ಟೆಂಬರ್ 27ರಂದು ಲಂಡನ್ನಿನ ಲೈಮ್ ಗ್ರೋವ್ ಸ್ಟುಡಿಯೋದಲ್ಲಿ ಮೊದಲ ಸಲ ಮಾಡಿದರು. ಜಾಗ ಇಕ್ಕಟ್ಟು, ಕ್ಯಾಮೆರಾಗಳು ಭಾರ, ಟೇಪ್ ಕತ್ತರಿಸಿ ಜೋಡಿಸುವುದು ದುಬಾರಿ, ಹಾಗಾಗಿ ಹೆಚ್ಚುಕಮ್ಮಿ ನಾಟಕದ ಹಾಗೆ ಒಂದೇ ಓಟದಲ್ಲಿ ಮುಗಿಸಬೇಕು. ಟಾರ್ಡಿಸ್, ಅಂದರೆ ಡಾಕ್ಟರ್ ಕಾಲದಲ್ಲಿ ಓಡಾಡುವ ಯಂತ್ರ, ಅದರ ಬಾಗಿಲು ಸರಿಯಾಗಿ ಮುಚ್ಚಲೇ ಇಲ್ಲ. ಕಲಾವಿದರು ಗಂಭೀರವಾಗಿ ಮಾತಾಡ್ತಾ ಇದ್ದಾರೆ, ಹಿಂದೆ ಬಾಗಿಲು ದಡಬಡ ಅಂತಿದೆ! ಬಿಬಿಸಿಯ ನಾಟಕ ವಿಭಾಗದ ಮುಖ್ಯಸ್ಥ ಸಿಡ್ನಿ ನ್ಯೂಮನ್‌ಗೆ ಡಾಕ್ಟರ್ ಪಾತ್ರದ ಒರಟುತನವೂ ಹಿಡಿಸಲಿಲ್ಲ. ಪೂರ್ತಿ ಮತ್ತೆ ಮಾಡಿ ಅಂದರು. ಅಕ್ಟೋಬರ್ 18ರಂದು ಮತ್ತೆ ಮಾಡಿದರು. ನವೆಂಬರ್ 23ರಂದು ಪ್ರಸಾರವಾಯಿತು, ಅಂದರೆ ಅಮೆರಿಕದ ಅಧ್ಯಕ್ಷ ಕೆನಡಿ ಹತ್ಯೆಯ ಮಾರನೇ ದಿನ. ಹಾಗಾಗಿ ಮುಂದಿನ ವಾರ ಇನ್ನೊಮ್ಮೆ ತೋರಿಸಿದರು.

ಆ ಕಂತಿನ ಮೊದಲ ನಿಮಿಷ ನೋಡಿ. ಮಂಜು. ಪೊಲೀಸಪ್ಪ ಟಾರ್ಚ್ ಹಿಡಿದು ಗುಜರಿ ಅಂಗಳದ ಗೇಟು ನೋಡಿ ಹೋಗುತ್ತಾನೆ. ಗೇಟು ತಾನಾಗೇ ತೆರೆದುಕೊಳ್ಳುತ್ತದೆ, ಕ್ಯಾಮೆರಾ ಮೆಲ್ಲಗೆ ಒಳಗೆ ಹೋಗಿ ಸಾಮಾನುಗಳ ನಡುವೆ ನಿಂತ ನೀಲಿ ಪೆಟ್ಟಿಗೆಯ, ಅಂದರೆ ಟಾರ್ಡಿಸ್‌ನ, ಮುಂದೆ ನಿಲ್ಲುತ್ತದೆ, ಆ ಪೆಟ್ಟಿಗೆಯಿಂದ ಗುಂಯ್ ಅಂತ ಸದ್ದು. ಕಪ್ಪು ಬಿಳುಪು ಆದ್ದರಿಂದ ನೀಲಿ ಕಾಣಲ್ಲ, ಆದರೂ ನನಗೆ ಪ್ರತಿ ಸಲ ಮೈ ಜುಮ್ ಅನ್ನುತ್ತದೆ. ಒಂದು ಮಾತೂ ಇಲ್ಲದೆ ಕಥೆ ಶುರು.

ಡಾಕ್ಟರ್ ಹೂನಲ್ಲೇ 1964ರಲ್ಲಿ ಬಂದ ಮಾರ್ಕೋ ಪೋಲೋ ಕಥೆಯ ಏಳು ಕಂತಲ್ಲಿ ಆರು ಇವರದ್ದೇ. ಬಿಬಿಸಿ ಟೇಪ್ ಉಳಿಸಿಕೊಳ್ಳಲಿಲ್ಲ. ಈಗ ಧ್ವನಿ ಮತ್ತು ಫೋಟೋಗಳು ಮಾತ್ರ ಸಿಗುತ್ತವೆ. ನನಗೆ ತುಂಬಾ ಬೇಜಾರಿನ ವಿಷಯ ಇದು.

ಆದರೆ ಇವರನ್ನು ಡಾಕ್ಟರ್ ಹೂಗೆ ಮಾತ್ರ ಕಟ್ಟಿಹಾಕಬೇಡಿ. 1965ರಲ್ಲಿ ಬಿಬಿಸಿಗೆ ಇ. ಎಂ. ಫಾರ್ಸ್ಟರ್ ಕಾದಂಬರಿ ಎ ಪ್ಯಾಸೇಜ್ ಟು ಇಂಡಿಯಾ ಮಾಡಿದರು, ಅದರ ಮುಖ್ಯ ಪಾತ್ರ ಅಜೀಜ್ ಆಗಿ ಜಿಯಾ ಮೊಹಿಯುದ್ದೀನ್. ಅದಕ್ಕೆ ಆಧಾರ ಆ ಕಾದಂಬರಿಯಿಂದ ಶಾಂತಾ ರಾಮ ರಾವ್ ಬರೆದ ನಾಟಕ. ಅವರ ತಂದೆ ಬೆನಗಲ್ ರಾಮ ರಾವ್ ನಮ್ಮ ಮಂಗಳೂರಿನಲ್ಲೇ ಹುಟ್ಟಿದವರು, ರಿಸರ್ವ್ ಬ್ಯಾಂಕ್ ಗವರ್ನರ್ ಆಗಿದ್ದವರು. 1973ರಲ್ಲಿ ರಿಚರ್ಡ್ ಬರ್ಟನ್ ಮತ್ತು ಎಲಿಜಬೆತ್ ಟೇಲರ್ ಇಬ್ಬರನ್ನೂ ಹಾಕಿಕೊಂಡು ಒಂದು ಟಿವಿ ಚಿತ್ರ ಮಾಡಿದರು. 1978ರ ಎಡ್ವರ್ಡ್ ಅಂಡ್ ಮಿಸಸ್ ಸಿಂಪ್ಸನ್ ಸೀರಿಯಲ್ ಏಳು ಕಂತು, ಬ್ರಿಟನ್ನಿನ ಸಿನಿಮಾ-ಟಿವಿ ಪ್ರಶಸ್ತಿ ಬಾಫ್ಟಾ ಕೂಡ ಬಂತು. ನನ್ನ ಪ್ರಕಾರ ಇವರ ಕೆಲಸ ಗಟ್ಟಿಯಾಗಿ ಕಾಣೋದು ಇಲ್ಲಿ. ಸಿಂಹಾಸನ ಬಿಟ್ಟ ರಾಜನ ಕಥೆ ಅಲ್ವಾ, ಆದರೆ ಅಬ್ಬರವಿಲ್ಲ.

ಎಲ್ಲಿಂದ ಶುರು ಮಾಡಲಿ ಅಂದರೆ, ಡಿವಿಡಿಯಲ್ಲಿ ಆ ತಿರಸ್ಕೃತ ಮೊದಲ ಆವೃತ್ತಿ ಸಿಗುತ್ತದೆ. ಅದನ್ನು ನೋಡಿ, ತಕ್ಷಣ ಪ್ರಸಾರವಾದದ್ದನ್ನು ನೋಡಿ. ಬಾಗಿಲ ಮೇಲೆ ಒಂದು ಕಣ್ಣಿಡಿ.